ಮೊದಲ ವಾರದ ಅರೆಹೊಟ್ಟೆ

ಕಟ್ಟುಹಾವು ಕಚ್ಚಿದ್ದು ಎಷ್ಟೋ ಸಲ ಕಚ್ಚಿಸಿಕೊಂಡವರಿಗೇ ತಿಳಿಯುವುದಿಲ್ಲ. ಕನಕಪುರದ ಕಾಡಂಚಿನ ಹಳ್ಳಿಗಳಲ್ಲಿ, ಮಾಗಡಿಯ ತೋಟದ ಮನೆಗಳಲ್ಲಿ, ಮಳೆಗಾಲದ ರಾತ್ರಿ ನೆಲಕ್ಕೆ ಚಾಪೆ ಹಾಸಿ ಮಲಗಿದವರ ಪಕ್ಕಕ್ಕೆ ಇಲಿಯನ್ನೋ ಹಲ್ಲಿಯನ್ನೋ ಹುಡುಕುತ್ತ ಬರುವ ಹಾವು ಇದು. ಹಲ್ಲು ಚಿಕ್ಕದು, ಕಚ್ಚಿದಲ್ಲಿ ಊತವಿಲ್ಲ, ಉರಿಯೂ ಅಷ್ಟಾಗಿ ಇಲ್ಲ. ಬೆಳಗಿನ ಜಾವ ಹೊಟ್ಟೆನೋವು ಶುರುವಾದಾಗ ಮನೆಯವರು ಗ್ಯಾಸ್ಟ್ರಿಕ್ ಇರಬೇಕು ಅಂದುಕೊಳ್ಳುತ್ತಾರೆ. ಸ್ವಲ್ಪ ಹೊತ್ತಿಗೆ ಕಣ್ಣಿನ ರೆಪ್ಪೆ ಜೋತುಬೀಳುತ್ತದೆ, ಮಾತು ತೊದಲುತ್ತದೆ, ಎಂಜಲು ನುಂಗಲಾಗುವುದಿಲ್ಲ. ಆಮೇಲಿನ ಸರದಿ ಉಸಿರಿನದು.

ಈ ವಿಷ ಹೊಡೆಯುವುದು ಸ್ನಾಯುವಿಗಲ್ಲ, ಸ್ನಾಯುವಿಗೆ ಆಜ್ಞೆ ತಲುಪಿಸುವ ನರದ ತುದಿಗೆ. ಬೀಟಾ-ಬಂಗಾರೊಟಾಕ್ಸಿನ್ ಎಂಬ ಅಂಶ ನರತುದಿಯಲ್ಲಿ ಕೂಡಿಟ್ಟ, ಆ ಆಜ್ಞೆಯನ್ನು ಸ್ನಾಯುವಿಗೆ ದಾಟಿಸುವ ಅಸಿಟೈಲ್‌ಕೋಲಿನ್ ದಾಸ್ತಾನನ್ನು ಬರಿದುಮಾಡಿ, ಕೊನೆಗೆ ಆ ತುದಿಯನ್ನೇ ನಾಶಮಾಡುತ್ತದೆ. ಹೃದಯ ಬಡಿಯುತ್ತಿರುತ್ತದೆ, ಶ್ವಾಸಕೋಶ ಚೆನ್ನಾಗಿರುತ್ತದೆ, ಸುತ್ತ ನಿಂತವರ ಅಳು ರೋಗಿಗೆ ಕೇಳಿಸುತ್ತಲೂ ಇರಬಹುದು. ಉಸಿರೆಳೆಯುವ ಸ್ನಾಯುವಾದ ವಪೆ ಮಾತ್ರ ಕದಲುವುದಿಲ್ಲ. ಎಎಸ್‌ವಿ ಎಂಬ ಪ್ರತಿವಿಷದ ಚುಚ್ಚುಮದ್ದು ರಕ್ತದಲ್ಲಿ ಇನ್ನೂ ಓಡಾಡುತ್ತಿರುವ ವಿಷವನ್ನು ಹಿಡಿದೀತು, ಹಾಳಾದ ನರತುದಿಯನ್ನು ಸರಿಮಾಡಲಾರದು. ಅದು ತಾನಾಗಿ ಮತ್ತೆ ಬೆಳೆಯಬೇಕು. ಅದಕ್ಕೆ ಕೆಲವು ದಿನ ಹಿಡಿಯುತ್ತದೆ, ಒಮ್ಮೊಮ್ಮೆ ವಾರ ದಾಟುತ್ತದೆ. ಅಲ್ಲಿಯವರೆಗೆ ಬೇರೆ ಯಾರಾದರೂ ರೋಗಿಯ ಪರವಾಗಿ ಉಸಿರಾಡಿಸಿದರೆ ಸಾಕು, ಮನುಷ್ಯ ಎದ್ದು ನಡೆದುಕೊಂಡು ಮನೆಗೆ ಹೋಗುತ್ತಾನೆ. ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಡಿತಕ್ಕೆ ಬಲಿಯಾದವರು ಸುಮಾರು 12 ಲಕ್ಷ ಎಂಬ ಅಂದಾಜಿದೆ. ಕರ್ನಾಟಕ 2024ರಲ್ಲಿ ಇದನ್ನು ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು.

ಐಸಿಯು ಎಂಬ ಜಾಗ ಏನು ಮಾಡುತ್ತದೆ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಸಿಕ್ಕಿಲ್ಲ. ಅಲ್ಲಿ ಕಾಯಿಲೆ ವಾಸಿಮಾಡುವ ಕೆಲಸಕ್ಕಿಂತ ಕಾಲ ತಳ್ಳುವ ಕೆಲಸವೇ ಹೆಚ್ಚು. ದೇಹ ತನ್ನ ರಿಪೇರಿ ತಾನು ಮಾಡಿಕೊಳ್ಳುವವರೆಗೆ ಉಸಿರು ಕೊಡಬೇಕು, ಊಟ ಕೊಡಬೇಕು. ಎರಡನ್ನೂ ಎಷ್ಟು ಕೊಡಬೇಕು? ಕಳೆದ ಇಪ್ಪತ್ತೈದು ವರ್ಷಗಳ ಸಂಶೋಧನೆ ಈ ಪ್ರಶ್ನೆಗೆ ಕೊಟ್ಟ ಉತ್ತರ ವೈದ್ಯರ ಅಂದಾಜಿಗೂ ರೋಗಿಯ ಮನೆಯವರ ಆಸೆಗೂ ಉಲ್ಟಾ ಹೊಡೆದಿದೆ.

ಕೃತಕ ಉಸಿರಾಟದ ಆಧುನಿಕ ಕಥೆ ಶುರುವಾಗುವುದು ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ, 1952ರ ಪೋಲಿಯೊ ಪಿಡುಗಿನಲ್ಲಿ. ಬ್ಲೆಗ್ಡಾಮ್ ಆಸ್ಪತ್ರೆಗೆ ಉಸಿರಾಟದ ಸ್ನಾಯು ಸೋತ ಮಕ್ಕಳು ದಿನದಿನವೂ ಬರುತ್ತಿದ್ದರು. ಅಲ್ಲಿದ್ದದ್ದು ಒಂದೇ ಒಂದು ಕಬ್ಬಿಣದ ಉಸಿರುಪೆಟ್ಟಿಗೆ ಮತ್ತು ಎದೆಗೆ ಕಟ್ಟುವ ಆರು ಕವಚಗಳು. ಮೊದಲ ಮೂರು ವಾರಗಳಲ್ಲಿ ಇವುಗಳ ಆಸರೆ ಪಡೆದ 31 ರೋಗಿಗಳಲ್ಲಿ 27 ಮಂದಿ ಸತ್ತರು. ಅವರ ರಕ್ತದಲ್ಲಿ ಬೈಕಾರ್ಬೊನೇಟ್ ವಿಪರೀತ ಏರಿತ್ತು. ಅದು ಯಾವುದೋ ನಿಗೂಢ ಕ್ಷಾರದ ಸಮಸ್ಯೆ ಎಂದು ಎಲ್ಲರೂ ತಿಳಿದಿದ್ದರು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸನ್ ಮಾತ್ರ, ಇದು ಹೊರಹೋಗದೆ ಉಳಿದ ಇಂಗಾಲದ ಡೈಆಕ್ಸೈಡ್, ಮಕ್ಕಳು ಸಾಯುತ್ತಿರುವುದು ಉಸಿರು ಸಾಲದೆ ಎಂದ. ಆಗಸ್ಟ್ 27ರಂದು 12 ವರ್ಷದ ಒಬ್ಬ ಹುಡುಗಿಯ ಕುತ್ತಿಗೆಯಲ್ಲಿ ರಂಧ್ರ ಮಾಡಿಸಿ, ಕೊಳವೆ ಇಳಿಸಿ, ರಬ್ಬರ್ ಚೀಲ ಹಿಂಡಿ ಗಾಳಿಯನ್ನು ಒಳಕ್ಕೆ ತಳ್ಳಿದ. ಹುಡುಗಿ ಬದುಕಿದಳು. ಯಂತ್ರಗಳಿರಲಿಲ್ಲವಲ್ಲ, ಸುಮಾರು 1,500 ವೈದ್ಯಕೀಯ ಮತ್ತು ದಂತವೈದ್ಯಕೀಯ ವಿದ್ಯಾರ್ಥಿಗಳು ಪಾಳಿ ಹಾಕಿಕೊಂಡು ತಿಂಗಳುಗಟ್ಟಲೆ ಚೀಲ ಹಿಂಡಿದರು. ಸಾವಿನ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು. ರೋಗಿಗಳನ್ನೆಲ್ಲ ಒಂದೆಡೆ ಸೇರಿಸಿ, ಒಬ್ಬೊಬ್ಬರ ಪಕ್ಕದಲ್ಲೂ ಹಗಲು ರಾತ್ರಿ ಒಬ್ಬರನ್ನು ಕೂರಿಸಿದ ಆ ಏರ್ಪಾಡೇ ಐಸಿಯು ಆಗಿ ಬೆಳೆಯಿತು.

ಮುಂದೆ ಅದೇ ಊರಿನ ಹೆನ್ನಿಂಗ್ ರೂಬೆನ್ ತಾನಾಗಿ ಉಬ್ಬಿಕೊಳ್ಳುವ ಚೀಲವೊಂದನ್ನು ರೂಪಿಸಿದ. ಅದೇ ಅಂಬು ಬ್ಯಾಗ್. ನಮ್ಮ 108 ಆಂಬುಲೆನ್ಸಿನಲ್ಲಿ ಇರುವುದೂ ಅದೇ. ಕನಕಪುರದಿಂದ ಬೆಂಗಳೂರಿಗೆ ಐವತ್ತು ಚಿಲ್ಲರೆ ಕಿಲೋಮೀಟರ್. ಕಟ್ಟುಹಾವು ಕಚ್ಚಿದವನ ಪಾಲಿಗೆ ಆ ದಾರಿಯುದ್ದಕ್ಕೂ ವೆಂಟಿಲೇಟರ್ ಎಂದರೆ ಸಿಬ್ಬಂದಿಯ ಕೈ. ಹಾಸಿಗೆಗಿಂತ ರೋಗಿಗಳು ಹೆಚ್ಚಿರುವ ಆಸ್ಪತ್ರೆಗಳಲ್ಲಿ ತಮ್ಮನೋ ಮಗನೋ ಪಕ್ಕದಲ್ಲಿ ನಿಂತು ರಾತ್ರಿಯಿಡೀ ಅಂಬು ಹಿಂಡಿದ್ದೂ ಉಂಟು. ಕೋಪನ್‌ಹೇಗನ್ನಿನ ಪಾಳಿ ಇಲ್ಲಿ ಇನ್ನೂ ಪೂರ್ತಿ ಮುಗಿದಿಲ್ಲ.

ಕೈಯಲ್ಲಿ ಹಿಂಡುವವನಿಗೂ ಯಂತ್ರದ ಗುಂಡಿ ತಿರುಗಿಸುವವನಿಗೂ ಒಂದೇ ಆಸೆ: ಎದೆ ಚೆನ್ನಾಗಿ ಉಬ್ಬಬೇಕು. ಕಟ್ಟುಹಾವಿನ ರೋಗಿಯ ಆರೋಗ್ಯವಂತ ಶ್ವಾಸಕೋಶ ಇದನ್ನು ಸಹಿಸಿಕೊಂಡೀತು. ನ್ಯುಮೋನಿಯಾ, ನಂಜು, ಇಲ್ಲವೇ ಹೆದ್ದಾರಿ ಅಪಘಾತದ ಪೆಟ್ಟಿನಿಂದ ಕೀವು ನೀರು ತುಂಬಿಕೊಂಡ ಶ್ವಾಸಕೋಶ ಸಹಿಸುವುದಿಲ್ಲ. ಎಆರ್‌ಡಿಎಸ್ ಎನ್ನುವ ಈ ಸ್ಥಿತಿಯಲ್ಲಿ ಗಾಳಿ ಆಡುವ ಭಾಗ ಮಗುವಿನ ಶ್ವಾಸಕೋಶದಷ್ಟಕ್ಕೆ ಕುಗ್ಗಿರುತ್ತದೆ ಎಂದು ಇಟಲಿಯ ಲುಚಿಯಾನೊ ಗಟ್ಟಿನೋನಿ ಸಿಟಿ ಸ್ಕ್ಯಾನ್ ನೋಡಿ ತೋರಿಸಿದ್ದ. ವಯಸ್ಕನ ಪ್ರಮಾಣದ ಗಾಳಿಯನ್ನು ಅದರೊಳಕ್ಕೆ ತಳ್ಳಿದರೆ ಉಳಿದ ಗಾಳಿಗೂಡುಗಳೂ ಹರಿಯುತ್ತವೆ. 2000ದಲ್ಲಿ ಅಮೆರಿಕದ ಎಆರ್‌ಡಿಎಸ್ ಸಂಶೋಧನಾ ಜಾಲ 861 ರೋಗಿಗಳಲ್ಲಿ ಇದನ್ನು ಪರೀಕ್ಷಿಸಿತು. ಪ್ರತಿ ಕಿಲೋಗೆ 12 ಮಿಲಿಲೀಟರ್ ಗಾಳಿ ಪಡೆದವರಲ್ಲಿ ಸಾವು 39.8 ಶೇಕಡ, 6 ಮಿಲಿಲೀಟರ್ ಪಡೆದವರಲ್ಲಿ 31 ಶೇಕಡ. ಹೊಸ ಔಷಧಿಯಿಲ್ಲ, ಹೊಸ ಯಂತ್ರವೂ ಇಲ್ಲ. ಗುಂಡಿಯನ್ನು ಅರ್ಧಕ್ಕೆ ತಿರುಗಿಸಿದ್ದಕ್ಕೇ ನೂರರಲ್ಲಿ ಸುಮಾರು ಒಂಬತ್ತು ಜೀವ ಉಳಿದವು.

ಇಲ್ಲಿ ಕಿಲೋ ಎಂದರೆ ತಕ್ಕಡಿಯ ತೂಕವಲ್ಲ. ಮನುಷ್ಯ ದಪ್ಪವಾದರೆ ಶ್ವಾಸಕೋಶ ದೊಡ್ಡದಾಗುವುದಿಲ್ಲ. ಅದರ ಗಾತ್ರ ನಿಲ್ಲುವುದು ಎತ್ತರದ ಮೇಲೆ. ಹಾಗಾಗಿ ಐಸಿಯು ನರ್ಸ್ ಮೊದಲು ಕೈಗೆತ್ತಿಕೊಳ್ಳಬೇಕಾದ ಸಾಧನ ದರ್ಜಿಯ ಟೇಪು. ಮಲಗಿದ ರೋಗಿಯನ್ನು ನೆತ್ತಿಯಿಂದ ಹಿಮ್ಮಡಿಯವರೆಗೆ ಅಳೆದು ಲೆಕ್ಕ ಹಾಕಬೇಕು. 165 ಸೆಂಟಿಮೀಟರ್ ಎತ್ತರದ ಗಂಡಸಿಗೆ ಸೂತ್ರದ ಪ್ರಕಾರ ಬರುವ ತೂಕ ಸುಮಾರು 61.5 ಕಿಲೋ, ಅವನು ನಿಜಕ್ಕೂ 90 ಕಿಲೋ ಇದ್ದರೂ ಒಂದು ಉಸಿರಿಗೆ ಸಲ್ಲುವುದು ಸುಮಾರು 370 ಮಿಲಿಲೀಟರ್ ಅಷ್ಟೆ. 152 ಸೆಂಟಿಮೀಟರಿನ ಹೆಂಗಸಿಗೆ 270. ನಮ್ಮ ಹಳ್ಳಿಯ ಹೆಂಗಸರಲ್ಲಿ ಈ ಎತ್ತರದವರು ಬಹಳ. ಯಾರ ಎತ್ತರವನ್ನೂ ನೋಡದೆ ಯಂತ್ರವನ್ನು 450ಕ್ಕೆ ಇಟ್ಟುಬಿಟ್ಟರೆ ಗಂಡಸಿಗೆ ಸ್ವಲ್ಪ ಹೆಚ್ಚಾಯಿತು, ಆ ಹೆಂಗಸಿಗೆ ಒಂದೂವರೆ ಪಟ್ಟಿಗಿಂತ ಹೆಚ್ಚಾಯಿತು. ಟೇಪು ಇಲ್ಲದ ಐಸಿಯುನಲ್ಲಿ ಹೆಚ್ಚು ಪೆಟ್ಟು ತಿನ್ನುವವರು ಕುಳ್ಳಗಿನ ಹೆಂಗಸರು.

2020ರಲ್ಲಿ ಕೋವಿಡ್ ಬಂದಾಗ ಎಲ್ಲರ ಬಾಯಲ್ಲೂ ವೆಂಟಿಲೇಟರ್. ಮೈಸೂರಿನ ಸ್ಕ್ಯಾನ್‌ರೇ ಕಂಪನಿಯ ವಿನ್ಯಾಸವನ್ನಿಟ್ಟುಕೊಂಡು ಬೆಂಗಳೂರಿನ ಬಿಇಎಲ್ ಕೆಲವೇ ತಿಂಗಳಲ್ಲಿ 30,000 ವೆಂಟಿಲೇಟರ್ ತಯಾರಿಸಿತು. ಮರುವರ್ಷ ಗೊತ್ತಾಯಿತು, ಯಂತ್ರಕ್ಕಿಂತ ಮೊದಲು ಬೇಕಾದದ್ದು ಗ್ಯಾಸು. ಮೂಗಿನ ಮೂಲಕ ನಿಮಿಷಕ್ಕೆ 60 ಲೀಟರ್ ಆಮ್ಲಜನಕ ಬಿಡುವ ಹೈ-ಫ್ಲೋ ಯಂತ್ರಕ್ಕೆ 7,000 ಲೀಟರಿನ ಜಂಬೊ ಸಿಲಿಂಡರ್ ಎರಡು ಗಂಟೆಯೂ ಬರುವುದಿಲ್ಲ. 2021ರ ಮೇ 2ರ ರಾತ್ರಿ ಚಾಮರಾಜನಗರ ಜಿಲ್ಲಾ ಆಸ್ಪತ್ರೆಯಲ್ಲಿ ಸಿಲಿಂಡರ್ ಖಾಲಿಯಾದವು. ಒಂದು ದಿನದೊಳಗೆ 24 ಮಂದಿ ತೀರಿಕೊಂಡರು. ಸಿಲಿಂಡರ್ ಎಷ್ಟು ಹೊತ್ತು ಬರುತ್ತದೆಂಬ ಲೆಕ್ಕ ಕಷ್ಟದ್ದಲ್ಲ, ಏಳನೇ ತರಗತಿಯ ಭಾಗಾಕಾರ. ಆ ಪಿಡುಗಿನಲ್ಲಿ ಜೀವ ಉಳಿಸಿದ ಇನ್ನೊಂದು ಉಪಾಯಕ್ಕೆ ದುಡ್ಡೇ ಬೇಕಿರಲಿಲ್ಲ: ರೋಗಿಯನ್ನು ಬೋರಲು ಮಲಗಿಸುವುದು. ಬೆನ್ನಿನ ಕಡೆ ಮುಚ್ಚಿಹೋದ ಗಾಳಿಗೂಡುಗಳು ಆಗ ತೆರೆದುಕೊಳ್ಳುತ್ತವೆ. ತೀವ್ರ ಎಆರ್‌ಡಿಎಸ್‌ನಲ್ಲಿ ದಿನಕ್ಕೆ ಹದಿನಾರು ಗಂಟೆ ಹೀಗೆ ಮಲಗಿಸಿದರೆ 28 ದಿನದೊಳಗಿನ ಸಾವು 32.8 ಶೇಕಡದಿಂದ 16ಕ್ಕೆ ಇಳಿಯುತ್ತದೆಂದು ಫ್ರಾನ್ಸಿನ ಕ್ಲೋದ್ ಗೆರಾನ್ ತಂಡ 2013ರಲ್ಲೇ ತೋರಿಸಿತ್ತು.

ಇನ್ನು ಊಟದ ಮಾತು. ಐಸಿಯು ಬಾಗಿಲಲ್ಲಿ ಕಾಯುವವರಿಗೆ ಉಸಿರಿನ ಲೆಕ್ಕ ಅರ್ಥವಾಗದಿರಬಹುದು, ಹೊಟ್ಟೆಯ ಲೆಕ್ಕ ಎಲ್ಲರಿಗೂ ಗೊತ್ತು. “ಮೂರ್ ದಿನ ಆಯ್ತಲ್ಲ ಡಾಕ್ಟ್ರೇ, ಹೊಟ್ಟೆಗ್ ಏನೂ ಇಲ್ವಲ್ಲ. ಒಂದ್ ಲೋಟ ಗಂಜಿನಾರ ಬಿಡಿ” ಎನ್ನುತ್ತಾರೆ. ಡಾಕ್ಟರು ಒಪ್ಪದಿದ್ದರೆ, “ಗ್ಲೂಕೋಸ್ ಬಾಟ್ಲಿನಾದ್ರೂ ಹಾಕಿ, ಶಕ್ತಿ ಬರ್ಲಿ.” ಅರ್ಧ ಲೀಟರಿನ ಆ 5 ಶೇಕಡದ ಬಾಟಲಿಯಲ್ಲಿರುವುದು 25 ಗ್ರಾಂ ಗ್ಲೂಕೋಸ್, ಸುಮಾರು 85 ಕ್ಯಾಲೊರಿ. ಶಕ್ತಿಯ ಹೆಸರಿನಲ್ಲಿ ಹಳ್ಳಿ ಕ್ಲಿನಿಕ್ಕುಗಳಲ್ಲಿ ಇಷ್ಟು ಗೌರವ ಗಿಟ್ಟಿಸಿಕೊಂಡ ಸಕ್ಕರೆನೀರು ಬೇರೊಂದಿಲ್ಲ.

ಮನೆಯವರ ಆತಂಕ ಸುಳ್ಳೇನಲ್ಲ. ಲಂಡನ್ನಿನ ಜುದಿನ್ ಪುತುಚೆರಿ ಮತ್ತು ಸಂಗಡಿಗರು ಐಸಿಯು ಸೇರಿದ 63 ರೋಗಿಗಳ ತೊಡೆಯ ಸ್ನಾಯುವನ್ನು ಅಲ್ಟ್ರಾಸೌಂಡಿನಲ್ಲಿ ಅಳೆದು 2013ರಲ್ಲಿ ಪ್ರಕಟಿಸಿದರು: ಹತ್ತೇ ದಿನದಲ್ಲಿ ಸ್ನಾಯುವಿನ ಅಡ್ಡಳತೆ 17.7 ಶೇಕಡ ಕರಗಿತ್ತು. ಹೀಗೆ ಕರಗುವುದನ್ನು ಕಣ್ಣಾರೆ ಕಂಡ ವೈದ್ಯರೂ ತುಂಬ ಕಾಲ ಮನೆಯವರಂತೆಯೇ ಯೋಚಿಸಿದರು. ಕರಗಿದ್ದಕ್ಕೆ ತಕ್ಕಷ್ಟು ತುಂಬೋಣ, ಕರುಳು ಒಪ್ಪದಿದ್ದರೆ ರಕ್ತನಾಳದ ಮೂಲಕವೇ ತುಂಬೋಣ ಎಂದರು.

2011ರಲ್ಲಿ ಬೆಲ್ಜಿಯಂನ ಲುವೆನ್ ನಗರದ ಗ್ರೇಟ್ ವ್ಯಾನ್ ಡೆನ್ ಬರ್ಗೆ ತಂಡ 4,640 ರೋಗಿಗಳ ಮೇಲೆ ನಡೆಸಿದ ಪ್ರಯೋಗ ಈ ಉತ್ಸಾಹಕ್ಕೆ ತಣ್ಣೀರೆರಚಿತು. ನಾಳದ ಮೂಲಕ ಬೇಗ ಪೋಷಣೆ ಪಡೆದವರಿಗಿಂತ, ಎಂಟನೇ ದಿನದವರೆಗೆ ಅದಿಲ್ಲದೆ ಇದ್ದವರಲ್ಲಿ ಸೋಂಕು ಕಡಿಮೆ, ಅವರು ಮನೆಗೆ ಹೋದದ್ದೂ ಬೇಗ. ಸರಿ, ತಪ್ಪು ನಾಳದ್ದಿರಬಹುದು, ಕರುಳಿನ ಮೂಲಕ ಕೊಟ್ಟು ನೋಡೋಣ ಎಂದು 2018ರಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಸುಮಾರು 4,000 ವೆಂಟಿಲೇಟರ್ ರೋಗಿಗಳಲ್ಲಿ ಅರ್ಧದಷ್ಟು ಜನಕ್ಕೆ ಒಂದೂವರೆ ಪಟ್ಟು ದಟ್ಟವಾದ ಆಹಾರ ಕೊಟ್ಟರು. ಬದುಕುಳಿದವರ ಪ್ರಮಾಣ ಎರಡೂ ಕಡೆ ಹೆಚ್ಚುಕಡಿಮೆ ಅಷ್ಟೇ. ಕ್ಯಾಲೊರಿಯಲ್ಲ, ಬೇಕಿರುವುದು ಪ್ರೋಟೀನ್ ಎಂದು ವಾದಿಸಿದವರಿಗೆ 2023ರಲ್ಲಿ ಉತ್ತರ ಸಿಕ್ಕಿತು: ದಿನಕ್ಕೆ ಕಿಲೋಗೆ 2.2 ಗ್ರಾಂ ಅಥವಾ ಹೆಚ್ಚು ಕೊಟ್ಟರೂ ಲಾಭವಿಲ್ಲ, ಮೂತ್ರಪಿಂಡ ಸೋತವರಿಗೆ ಹಾನಿಯೇ ಆದಂತಿದೆ. ಅದೇ ವರ್ಷ ಫ್ರಾನ್ಸಿನ ಝಾನ್ ರೆನ್ಯೆ ತಂಡ ಇನ್ನೂ ಧೈರ್ಯ ಮಾಡಿತು. ವೆಂಟಿಲೇಟರ್ ಮತ್ತು ಬಿಪಿ ಏರಿಸುವ ಔಷಧಿ ಎರಡರ ಮೇಲೂ ಇದ್ದ 3,044 ರೋಗಿಗಳಲ್ಲಿ ಅರ್ಧ ಜನಕ್ಕೆ ಮೊದಲ ವಾರ ದಿನಕ್ಕೆ ಕಿಲೋಗೆ ಬರೀ 6 ಕ್ಯಾಲೊರಿ, ಉಳಿದವರಿಗೆ 25. ಸಾವಿನಲ್ಲಿ ವ್ಯತ್ಯಾಸವಿಲ್ಲ; ಆದರೆ ಅರೆಹೊಟ್ಟೆಯವರು ಐಸಿಯು ಬಿಡಲು ಒಂದು ದಿನ ಮೊದಲೇ ತಯಾರಾದರು, ಅವರಲ್ಲಿ ವಾಂತಿ, ಭೇದಿ, ಕರುಳಿಗೆ ರಕ್ತ ನಿಲ್ಲುವ ತೊಂದರೆ ಕಡಿಮೆ.

ಕಾರಣವನ್ನು ಹುಡುಕಬೇಕಾದದ್ದು ಕಾಯಿಲೆಬಿದ್ದ ದೇಹದ ನಡವಳಿಕೆಯಲ್ಲಿ. ತೀವ್ರ ಕಾಯಿಲೆಯ ಮೊದಲ ದಿನಗಳಲ್ಲಿ ಯಕೃತ್ತು ತಾನೇ ಗ್ಲೂಕೋಸ್ ತಯಾರಿಸಿ ರಕ್ತಕ್ಕೆ ಸುರಿಯುತ್ತಿರುತ್ತದೆ, ಇನ್ಸುಲಿನ್ ಮಾತನ್ನು ಜೀವಕೋಶಗಳು ಕೇಳುವುದಿಲ್ಲ, ಹೊರಗಿನಿಂದ ಕೊಟ್ಟದ್ದು ಈ ಒಳಗಿನ ಉತ್ಪಾದನೆಯನ್ನು ನಿಲ್ಲಿಸುವುದೂ ಇಲ್ಲ. ಜೀವಕೋಶಗಳು ತಮ್ಮೊಳಗಿನ ಹಾಳಾದ ಭಾಗಗಳನ್ನು ತಾವೇ ತಿಂದು ಚೊಕ್ಕಮಾಡಿಕೊಳ್ಳುವ ಕ್ರಿಯೆಯೊಂದಿದೆ, ಹೊಟ್ಟೆತುಂಬ ಉಂಡಾಗ ಅದು ಕುಂಠಿತವಾಗುತ್ತದೆ. ಜ್ವರ ಬಂದಾಗ ಹಸಿವು ಸಾಯುವುದರಲ್ಲಿ ಏನೋ ಅರ್ಥವಿದೆ ಎಂದು ನನಗನ್ನಿಸುವುದು ಇದಕ್ಕೇ.

ಆದರೆ ಇದನ್ನು ಉಪವಾಸದ ಪರ ವಾದವೆಂದು ಓದಬಾರದು. ಭಾರತದ ತೀವ್ರನಿಗಾ ವೈದ್ಯರ ಸಂಘದ ಮಾರ್ಗಸೂಚಿಯೂ ಸೇರಿ ಎಲ್ಲರೂ ಹೇಳುವುದು ಒಂದೇ: 24ರಿಂದ 48 ಗಂಟೆಯೊಳಗೆ ಕರುಳಿಗೆ ಸ್ವಲ್ಪವಾದರೂ ಆಹಾರ ಬೀಳಬೇಕು, ಮೆಲ್ಲಗೆ ಏರಿಸುತ್ತ ಹೋಗಬೇಕು. ಇನ್ನೊಂದು ಅನುಮಾನವೂ ನನಗಿದೆ. ಈ ಪ್ರಯೋಗಗಳಿಗೆ ಒಳಗಾದ ಯುರೋಪು, ಆಸ್ಟ್ರೇಲಿಯಾದ ರೋಗಿಗಳ ಮೈಯಲ್ಲಿ ಕರಗಲು ಬೇಕಾದಷ್ಟಿತ್ತು. ಚನ್ನಪಟ್ಟಣದ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುವ 42 ಕಿಲೋ ತೂಕದ ಹೆಂಗಸಿನ ಸ್ನಾಯುವಿನಿಂದ 17 ಶೇಕಡ ಕಳೆದರೆ ಉಳಿಯುವುದೆಷ್ಟು? ಅವಳಿಗೆ ಅರೆಹೊಟ್ಟೆ ಎಷ್ಟು ದಿನ ಎನ್ನುವುದನ್ನು ನಮ್ಮ ಆಸ್ಪತ್ರೆಗಳೇ ನಮ್ಮ ರೋಗಿಗಳಲ್ಲಿ ಅಳೆದು ಹೇಳಬೇಕು. ಪಕ್ಕದ ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ಅನುರಾ ಕುರ್ಪಾಡ್ ಭಾರತೀಯರ ಪ್ರೋಟೀನ್ ಅಗತ್ಯವನ್ನು ದಶಕಗಟ್ಟಲೆ ಅಳೆದವರು. ಐಸಿಯು ಹಾಸಿಗೆಯವರೆಗೂ ಅಂಥ ಅಳತೆ ಬರಬೇಕಾಗಿದೆ.

ಮೊದಲೇ ಬಡಕಲಾದವರಿಗೆ ಅವಸರದಲ್ಲಿ ಉಣಿಸುವುದರಲ್ಲಿ ಬೇರೆಯದೇ ಅಪಾಯವಿದೆ. ದಿನಗಟ್ಟಲೆ ಕುಡಿದು ಊಟ ಬಿಟ್ಟವನು, ವಾರಗಟ್ಟಲೆ ಬರೀ ಟೀಯಲ್ಲಿ ಕಳೆದ ಮುದುಕಿ ಆಸ್ಪತ್ರೆಗೆ ಬಂದರೆಂದುಕೊಳ್ಳಿ. ಒಮ್ಮೆಲೇ ಪಿಷ್ಟ ಸಿಕ್ಕಾಗ ಇನ್ಸುಲಿನ್ ಏರುತ್ತದೆ, ಅದು ರಕ್ತದ ಫಾಸ್ಫೇಟನ್ನು ಜೀವಕೋಶದೊಳಕ್ಕೆ ಎಳೆದುಕೊಳ್ಳುತ್ತದೆ. ಫಾಸ್ಫೇಟ್ ಇಲ್ಲದೆ ಜೀವಕೋಶದ ಇಂಧನವಾದ ಎಟಿಪಿ ಇಲ್ಲ, ಎಟಿಪಿ ಇಲ್ಲದೆ ವಪೆ ಎಳೆಯುವುದಿಲ್ಲ. ಊಟ ಕೊಟ್ಟದ್ದಕ್ಕೆ ಉಸಿರು ನಿಲ್ಲುತ್ತದೆ! ಎರಡನೇ ಮಹಾಯುದ್ಧದ ಸೆರೆಶಿಬಿರಗಳಿಂದ ಬಿಡುಗಡೆಯಾದವರಲ್ಲಿ ಇಂಥ ಸಾವುಗಳಾದವು. ಅದಕ್ಕೇ ಇಂಥವರಿಗೆ ಮೊದಲು ಬಿ1 ಜೀವಸತ್ವದ ಚುಚ್ಚುಮದ್ದು, ಆಮೇಲೆ ಅಳೆದು ಸುರಿದು ಆಹಾರ, ದಿನಕ್ಕೊಮ್ಮೆ ಫಾಸ್ಫೇಟ್ ಪರೀಕ್ಷೆ.

ಗಂಜಿಯ ಬೇಡಿಕೆಗೂ ಲೆಕ್ಕದ ಉತ್ತರವಿದೆ. ಮೂಗಿನಿಂದ ಹೊಟ್ಟೆಗಿಳಿದ ರೈಲ್ಸ್ ಟ್ಯೂಬಿನಲ್ಲಿ ಇಳಿಯಬೇಕಾದರೆ ರಾಗಿ ಅಂಬಲಿ ತೆಳ್ಳಗಿರಬೇಕು. ಗಟ್ಟಿಯಾದರೆ ಟ್ಯೂಬ್ ಕಟ್ಟುತ್ತದೆ. 200 ಮಿಲಿಲೀಟರ್ ಲೋಟಕ್ಕೆ 15 ಗ್ರಾಂ ಹಿಟ್ಟು ಅಂದುಕೊಳ್ಳೋಣ. ಅದರಲ್ಲಿ ಸಿಗುವುದು ಸುಮಾರು 50 ಕ್ಯಾಲೊರಿ, ಒಂದು ಗ್ರಾಂ ಪ್ರೋಟೀನ್. 60 ಕಿಲೋ ತೂಕದವನು ಚೇತರಿಕೆಯ ಹಂತಕ್ಕೆ ಬಂದು 1,500 ಕ್ಯಾಲೊರಿ ಬೇಕೆಂದಾಗ 30 ಲೋಟ, ಅಂದರೆ ಆರು ಲೀಟರ್ ಅಂಬಲಿ ಬಿಡಬೇಕು. ಪ್ರೋಟೀನ್ ಆಗಲೂ ಅರ್ಧಕ್ಕೆ ಬರುವುದಿಲ್ಲ. ರಾಗಿಯ ತಪ್ಪೇನೂ ಇಲ್ಲ, ನೂರು ಗ್ರಾಂಗೆ 360 ಮಿಲಿಗ್ರಾಂಗೂ ಮಿಕ್ಕಿ ಕ್ಯಾಲ್ಸಿಯಂ ಇರುವ ಧಾನ್ಯ ಅದು. ಸೋಲುವುದು ಅದರಲ್ಲಿ ಬೆರೆತ ನೀರು. ಮನೆಯಲ್ಲಿ ಕಾಸಿ ಫ್ಲಾಸ್ಕಿನಲ್ಲಿ ತಂದದ್ದು ಬಾಗಿಲಲ್ಲಿ ಮೂರು ಗಂಟೆ ಕಾದರೆ ಅದರಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ಚಿಂತೆ ಬೇರೆ. ಟ್ಯೂಬಿಗೆಂದೇ ಸಿಗುವ ಡಬ್ಬಿಯ ಪುಡಿಗೆ ದುಡ್ಡಿಲ್ಲದ ಕಡೆ ಆಸ್ಪತ್ರೆಯ ಅಡುಗೆಮನೆಯಲ್ಲೇ ಹಾಲು, ಮೊಟ್ಟೆ, ಎಣ್ಣೆ, ಹುರಿಗಡಲೆ ಹಿಟ್ಟು ಸೇರಿಸಿ ನುಣ್ಣಗೆ ರುಬ್ಬಿ ಸೋಸಿ ಕೊಡುವುದುಂಟು. ತೂಗಿ ಮಾಡಿದರೆ ಅದೇನೂ ಕಳಪೆಯಲ್ಲ.

ಹೆಚ್ಚು ಉಣಿಸಿದರೆ ವೆಂಟಿಲೇಟರ್ ಬಿಡಿಸುವುದೂ ತಡವಾಗುತ್ತದೆ. ಉಂಡದ್ದೆಲ್ಲ ಉರಿದು ಇಂಗಾಲದ ಡೈಆಕ್ಸೈಡ್ ಆಗುತ್ತದೆ, ಅದನ್ನು ಹೊರಹಾಕಬೇಕಾದದ್ದು ಉಸಿರೇ. ರಾಮನಗರದ ರೇಷ್ಮೆ ನೂಲು ಬಿಚ್ಚಣಿಕೆ ಘಟಕಗಳಲ್ಲಿ ಸೌದೆ ಹೊಗೆ, ಗೂಡು ಬೇಯುವ ಆವಿಯ ನಡುವೆ ವರ್ಷಗಟ್ಟಲೆ ದುಡಿದು ಉಬ್ಬಸ ಹತ್ತಿಸಿಕೊಂಡವರು ಇದನ್ನು ತಾಳಲಾರರು. ಒಂದು ಕಾಲದಲ್ಲಿ ಇಂಥವರಿಗೆಂದೇ ಪಿಷ್ಟ ಇಳಿಸಿ ಕೊಬ್ಬು ಏರಿಸಿದ ದುಬಾರಿ ಡಬ್ಬಿಗಳು ಬಂದವು. 1992ರ ಒಂದು ಪುಟ್ಟ ಅಧ್ಯಯನ ಅದರ ಹುರುಳನ್ನು ಬಯಲುಮಾಡಿತು: ಪಿಷ್ಟದ ಪಾಲು ಬದಲಿಸಿದರೆ ಡೈಆಕ್ಸೈಡ್ ಬದಲಾಗಲಿಲ್ಲ, ಒಟ್ಟು ಕ್ಯಾಲೊರಿ ಏರಿಸಿದಾಗ ಏರಿತು.

ಯಂತ್ರದ ಮೇಲಿದ್ದಷ್ಟೂ ವಪೆ ಸೊರಗುತ್ತದೆ. ಮಿದುಳು ಸತ್ತ 14 ಅಂಗದಾನಿಗಳ ವಪೆಯನ್ನು ಅಮೆರಿಕದಲ್ಲಿ ಪರೀಕ್ಷಿಸಿದಾಗ, 18ರಿಂದ 69 ಗಂಟೆ ಕೆಲಸವಿಲ್ಲದೆ ಬಿದ್ದಿದ್ದಕ್ಕೇ ಅದರ ಎಳೆಗಳು ಅರ್ಧಕ್ಕಿಂತ ತೆಳುವಾಗಿದ್ದವು. ಹಾಗಾಗಿ ದಿನಾ ಬೆಳಿಗ್ಗೆ ಮತ್ತಿನ ಔಷಧಿ ಇಳಿಸಿ, ಅರ್ಧ ಗಂಟೆ ರೋಗಿಯನ್ನೇ ಉಸಿರಾಡಲು ಬಿಟ್ಟು ನೋಡುವ ಪದ್ಧತಿ ಬಂತು. ಕಟ್ಟುಹಾವಿನ ರೋಗಿಯಲ್ಲಿ ಇದಕ್ಕೂ ಮೊದಲು ಒಂದು ಪರೀಕ್ಷೆ ನಡೆಯುತ್ತದೆ: ತಲೆದಿಂಬಿನಿಂದ ತಲೆ ಎತ್ತಿ ಐದು ಸೆಕೆಂಡ್ ಹಿಡಿಯುತ್ತಾನಾ? ಹಿಡಿದರೆ ನರತುದಿಗಳು ಚಿಗುರಿವೆ ಎಂದರ್ಥ, ಟ್ಯೂಬ್ ತೆಗೆಯುವ ಮಾತಾಡಬಹುದು.

ಟ್ಯೂಬ್ ತೆಗೆದ ಮೇಲೆ ಮನೆಯವರು ತಡಮಾಡುವುದಿಲ್ಲ, ಟಿಫನ್ ಕ್ಯಾರಿಯರ್ ಒಳಗೆ ಬಂದುಬಿಡುತ್ತದೆ. ಇಲ್ಲಿಯೂ ಒಂದು ಅಪಾಯವಿದೆ. ದಿನಗಟ್ಟಲೆ ಟ್ಯೂಬ್ ಕೂತಿದ್ದ ಗಂಟಲಿಗೆ ಸ್ಪರ್ಶಜ್ಞಾನ ಕಡಿಮೆ, ನುಂಗುವ ಸ್ನಾಯುಗಳಿಗೆ ಹೊಂದಾಣಿಕೆ ತಪ್ಪಿರುತ್ತದೆ. ನೀರು ಎಲ್ಲಕ್ಕಿಂತ ಕಷ್ಟ. ಗಂಟಲು ಮುಚ್ಚಿಕೊಳ್ಳುವ ಮೊದಲೇ ಜಾರಿ ಶ್ವಾಸನಾಳಕ್ಕೆ ಇಳಿದುಬಿಡುತ್ತದೆ, ಕೆಲವರಿಗೆ ಕೆಮ್ಮು ಕೂಡ ಬರುವುದಿಲ್ಲ. ಈ ಸೀಮೆಯವರು ಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ಹಾಗೇ ನುಂಗುತ್ತಾರೆ. ಅದಕ್ಕೆ ಗಂಟಲು ಪೂರ್ತಿ ಹತೋಟಿಯಲ್ಲಿರಬೇಕು. ಟ್ಯೂಬಿನಲ್ಲಿ ಇಳಿಯದೆ ತಿರಸ್ಕೃತವಾದ ಗಟ್ಟಿ ರಾಗಿ ಸರಿಯ ಸರದಿ ಈಗ. ರೋಗಿಯನ್ನು ನೆಟ್ಟಗೆ ಕೂರಿಸಿ, ಗದ್ದ ಎದೆಯ ಕಡೆ ತಗ್ಗಿಸಿ, ಚಮಚದ ಮುಕ್ಕಾಲಿಗಿಂತ ಕಡಿಮೆ ತೆಗೆದು ಬಾಯಿಗಿಟ್ಟು, ನುಂಗಿದ ಮೇಲೆ ಒಮ್ಮೆ “ಆ” ಅನ್ನಿಸಬೇಕು. ದನಿ ಗೊರಗೊರ ಎನ್ನದಿದ್ದರೆ ಇನ್ನೊಂದು ಚಮಚ.